ಹದಿನೇಳನೇ ನಂಬರಿನ ಸೀಸೆ

ಮನುಷ್ಯರಿಗೆ ದೆವ್ವ ಮೆಟ್ಟಿಕೊಂಡರೆ ಬಿಡಿಸುವವರು ಮುಳಬಾಗಿಲ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಸೀಸೆ ಮೆಟ್ಟಿಕೊಂಡರೆ ಯಾರ ಹತ್ತಿರ ಹೋಗಬೇಕು ಹೇಳಿ? ವಕ್ಕಲೇರಿಯ ಅನಸೂಯಮ್ಮನಿಗೆ ಮೆಟ್ಟಿಕೊಂಡಿದ್ದು ಒಂದು ಗಾಜಿನ ಸೀಸೆ. ಏಳು ವರ್ಷ ಅದು ಅವಳ ಎದುರಿಗೇ ಕೂತಿತ್ತು.

ಮಾಲೂರಿನ ರೈಲ್ವೆ ಗೇಟು ದಾಟಿ ಸ್ವಲ್ಪ ದೂರ ಹೋದರೆ ಆಗ ಒಂದು ತಗಡಿನ ಚಾವಣಿಯ ಕಾರ್ಖಾನೆ ಇತ್ತು. ಟೆಲಿಫೋನು, ರೇಡಿಯೋಗಳ ಒಳಗೆ ಕೂರುವ ಹಿತ್ತಾಳೆ ಪಿನ್ನುಗಳನ್ನು ಅಲ್ಲಿ ಮಾಡುತ್ತಿದ್ದರು. ಪಿನ್ನು ಅಂದರೆ ಸೆರಗಿಗೆ ಚುಚ್ಚಿಕೊಳ್ಳುವ ಪಿನ್ನಲ್ಲ. ಉದ್ದ ಒಂದು ಭತ್ತದ ಕಾಳಿನಷ್ಟು, ದಪ್ಪ ಸರಿಯಾಗಿ ಒಂದು ಮಿಲಿಮೀಟರು. ತಲೆಗೂದಲನ್ನು ಹತ್ತು ಸೀಳು ಸೀಳಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ದಪ್ಪ ಹೆಚ್ಚಾದರೂ ಆ ಪಿನ್ನು ತೂತಿಗೆ ಇಳಿಯುವುದಿಲ್ಲ. ಅದನ್ನು ನೋಡಿ ಆರಿಸುವುದಕ್ಕೆ ಚೆಕಿಂಗ್ ಹಾಲಿನಲ್ಲಿ ಇಪ್ಪತ್ತು ಹೆಂಗಸರಿದ್ದರು. ಪಿನ್ನನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹೊಸೆದು, ಉಕ್ಕಿನ ಬಳೆಯಂಥ ಅಳತೆಯ ತೂತಿಗೆ ಇಳಿಸಿ, ಇಳಿದರೆ ಈ ಕಡೆ, ಇಳಿಯದಿದ್ದರೆ ಆ ಕಡೆ. ಬೆಳಗಿನಿಂದ ಸಂಜೆತನಕ ಅದೇ ಕೆಲಸ.

ಆ ಹಾಲಿನ ಕಿಟಕಿಯ ಹಲಗೆಯ ಮೇಲೆ ಸೀಸೆ ಇತ್ತು. ಒಳಗೆ ಮುನ್ನೂರು ಚಿಲ್ಲರೆ ಪಿನ್ನು, ಜೊತೆಗೆ ಮಡಚಿದ ಒಂದು ಚೀಟಿ. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಹದಿನೇಳು ಎಂಬ ಅಂಕಿ. ಹೊಸದಾಗಿ ಸೇರಿದ ಪ್ರತಿಯೊಬ್ಬ ಹುಡುಗಿಗೂ ಸೂಪರ್‌ವೈಸರ್ ವೆಂಕಟರಾಯಪ್ಪ ಆ ಸೀಸೆಯನ್ನು ಅಲ್ಲಾಡಿಸಿ ತೋರಿಸುತ್ತಿದ್ದ. ಹದಿನೇಳನೇ ನಂಬರಿನವಳು ಮೈಮರೆತು ಕೆಲಸ ಮಾಡಿದಳು, ಸಾವಿರಾರು ಪಿನ್ನು ವಾಪಸ್ ಬಂದವು, ಅವಳು ಮನೆಗೆ ಹೋದಳು, ನೀವೂ ಹಾಗೆ ಮಾಡಿದರೆ ನಿಮಗೂ ಅದೇ ಗತಿ ಎಂದು ಪಾಠ ಒಪ್ಪಿಸುತ್ತಿದ್ದ. ಪಿನ್ನುಗಳು ಗಾಜಿಗೆ ಬಡಿದು ಗಲಗಲ ಎನ್ನುತ್ತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅನಸೂಯಮ್ಮ ಹೆಗಲು ಮುಟ್ಟಿಕೊಳ್ಳಲಿಲ್ಲ, ತಲೆ ಇನ್ನಷ್ಟು ಬಗ್ಗಿಸಿ ಪಿನ್ನು ಹೊಸೆಯುತ್ತಿದ್ದಳು.

ಹದಿನೇಳನೇ ನಂಬರು ಕದಿರಮ್ಮನದು. ಮುಳಬಾಗಿಲ ಕಡೆಯ ತೆಲುಗು ಮಾತಿನ ಹೆಂಗಸು. ವಕ್ಕಲೇರಿಗೆ ಸೊಸೆಯಾಗಿ ಬಂದು, ಗಂಡನನ್ನು ಕಳೆದುಕೊಂಡು, ಒಬ್ಬ ಮಗಳನ್ನು ಸಾಕಿಕೊಂಡಿದ್ದಳು. ಅನಸೂಯಮ್ಮನದು ಹದಿನಾರನೇ ನಂಬರು. ಒಂದೇ ಬಸ್ಸು, ಅಕ್ಕಪಕ್ಕದ ಸ್ಟೂಲು, ಒಂದೇ ಡಬ್ಬಿಯ ಉಪ್ಪಿನಕಾಯಿ. ಹುಟ್ಟಿದಾಗಿನಿಂದ ರೇಷ್ಮೆ ನೂಲು ಬಿಚ್ಚಿದ ಕೈ ಕದಿರಮ್ಮನದು. ಅಳತೆಯ ತೂತಿಗೆ ಇಳಿಸುವ ಮೊದಲೇ ಅವಳ ಬೆರಳಿಗೆ ಪಿನ್ನಿನ ದಪ್ಪ ತಿಳಿದುಬಿಡುತ್ತಿತ್ತು. ‘ಇದು ಬಸುರಿ ಕಣಕ್ಕಾ’ ಎಂದು ದಪ್ಪನೆಯದನ್ನು ಪಕ್ಕಕ್ಕಿಟ್ಟು ನಗುತ್ತಿದ್ದಳು.

ಎಪ್ಪತ್ತೊಂಬತ್ತನೇ ಇಸವಿ, ಶ್ರಾವಣದ ಒಂದು ಶುಕ್ರವಾರ. ಅನಸೂಯಮ್ಮ ಮನೆಯಲ್ಲಿ ಪೂಜೆ ಮುಗಿಸಿ, ಕೈಕಾಲಿಗೆ ಎಣ್ಣೆ ಕಲಸಿದ ಅರಿಶಿನ ಹಚ್ಚಿಕೊಂಡು, ಮುತ್ತೈದೆಯರಿಗೆ ಕುಂಕುಮ ಕೊಟ್ಟು ಬರುವಷ್ಟರಲ್ಲಿ ಎರಡು ಗಂಟೆ ತಡವಾಗಿತ್ತು. ಗೇಟಿನ ಹಾಜರಿ ಹಲಗೆಗೆ ಅವಳ ನಂಬರಿನ ಬಿಲ್ಲೆಯನ್ನು ಕದಿರಮ್ಮ ಮೊದಲೇ ನೇತುಹಾಕಿದ್ದಳು. ಹಬ್ಬಹುಣ್ಣಿಮೆಗಳಲ್ಲಿ ಆ ಹಾಲಿನಲ್ಲಿ ನಡೆದುಕೊಂಡು ಬಂದ ಪದ್ಧತಿಯೇ ಅದು. ಮುತ್ತೈದೆಯರು ತಡವಾಗಿ ಬರುತ್ತಿದ್ದರು, ಗಂಡನಿಲ್ಲದವರು ಹೊತ್ತಿಗೆ ಮುಂಚೆ ಬಂದು ಇಬ್ಬರ ಕೆಲಸ ತೂಗಿಸುತ್ತಿದ್ದರು. ಅವರಿಗೇನು ಹಬ್ಬ ಎಂದು ಲೋಕ ತೀರ್ಮಾನ ಮಾಡಿಯಾಗಿತ್ತಲ್ಲ. ಇನ್ನೊಬ್ಬರ ಬಿಲ್ಲೆ ನೇತುಹಾಕುವುದು ಮಾತ್ರ ತಪ್ಪು, ಸಿಕ್ಕಿಬಿದ್ದರೆ ಇಬ್ಬರಿಗೂ ಮನೆ ದಾರಿ.

ಇಬ್ಬರ ತಟ್ಟೆಯ ಪಿನ್ನುಗಳನ್ನೂ ಕದಿರಮ್ಮ ಅಳೆದು ಮುಗಿಸಿದ್ದಳು. ಉಳಿದಿದ್ದು ಒಂದೊಂದನ್ನೂ ಕೊನೆಯ ಸಲ ಹೊಸೆದು, ಎಣಿಸಿ, ಪೊಟ್ಟಣ ಕಟ್ಟುವ ಹಗುರ ಕೆಲಸ. ಅದನ್ನು ಅನಸೂಯಮ್ಮ ಮಾಡಿದಳು. ಅಳೆದವಳು ತಾನೇ ಆದ್ದರಿಂದ ಕದಿರಮ್ಮ ತನ್ನ ನಂಬರಿನ ಚೀಟಿಯನ್ನು ಪೊಟ್ಟಣಗಳಿಗೆ ಹಾಕಿದಳು. ನಡುವೆ ಒಂದು ಸಲ ಅವಳು ಅನಸೂಯಮ್ಮನ ಅಂಗೈ ಹತ್ತಿರ ಮುಖ ತಂದು ಅರಿಶಿನದ ವಾಸನೆ ಎಳೆದುಕೊಂಡಳು. ಮುಟ್ಟಲಿಲ್ಲ, ಶುಕ್ರವಾರವಾದ್ದರಿಂದ ತಾನಾಗಿಯೇ ಹಿಂದೆ ಸರಿದಳು. ಎಷ್ಟು ದಿವಸವಾಯಿತಕ್ಕಾ ಈ ವಾಸನೆ ನೋಡಿ ಎಂದಷ್ಟೇ ಅಂದಳು.

ತಿಂಗಳು ಕಳೆದ ಮೇಲೆ ಆ ಪೊಟ್ಟಣಗಳು ಕೊಂಡ ಕಂಪನಿಯಿಂದ ವಾಪಸ್ ಬಂದವು. ಪಿನ್ನು ತೂತಿಗೆ ಇಳಿಯುತ್ತಿಲ್ಲ, ಇಳಿದವಕ್ಕೆ ಬೆಸುಗೆ ಹಿಡಿಯುತ್ತಿಲ್ಲ ಎಂದು ಕಾಗದ. ವೆಂಕಟರಾಯಪ್ಪ ಅಳತೆಗೆ ಹಾಕಿ ನೋಡಿದ, ನಿಜವಾಗಿಯೂ ಇಳಿಯಲಿಲ್ಲ. ಚೀಟಿ ತೆಗೆದ, ಹದಿನೇಳು. ಅಳತೆಯನ್ನೇ ಮುಟ್ಟದೆ ಬರೀ ಬೆರಳಿನಲ್ಲಿ ನೋಡಿ ಬಿಟ್ಟಿದ್ದಾಳೆ ಎಂದು ಎಲ್ಲರೆದುರಿಗೆ ಕೂಗಾಡಿದ. ಅವತ್ತು ಇವಳ ಪಕ್ಕ ಕೂತಿದ್ದವಳು ನೀನಲ್ಲವೇನಮ್ಮಾ, ನೀನೇ ಹೇಳು ಎಂದು ಅನಸೂಯಮ್ಮನ ಕಡೆ ತಿರುಗಿದ. ಬಾಯಿ ತೆರೆದರೆ ಬಿಲ್ಲೆಯ ವಿಷಯ ಹೊರಗೆ ಬರುತ್ತದೆ. ಅನಸೂಯಮ್ಮ ಕದಿರಮ್ಮನ ಮುಖ ನೋಡಿದಳು. ಕದಿರಮ್ಮ ತುಟಿಯಲ್ಲೇ ಅಂದಳು:

“ಊರ್ಕೋ ಅಕ್ಕಾ.”

ಸುಮ್ಮನಿರು ಎಂದು ಅವಳ ತೆಲುಗಿನಲ್ಲಿ. ಅನಸೂಯಮ್ಮ ಸುಮ್ಮನಿದ್ದಳು. ಪೊಟ್ಟಣ ಕಟ್ಟಿದ್ದರಲ್ಲಿ ನನ್ನ ತಪ್ಪೇನು, ಅಳೆದವಳು ಅವಳೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕದಿರಮ್ಮ ಮಗಳನ್ನು ಕರೆದುಕೊಂಡು ಮುಳಬಾಗಿಲ ಹತ್ತಿರದ ತವರಿಗೆ ಹೋದಳು. ಗೂಡು ಬೇಯಿಸುವ ಬಿಸಿನೀರಿನ ಮುಂದೆ ಕೂತು ನೂಲು ತೆಗೆದಳು, ಎದೆಗೆ ಕೆಮ್ಮು ಹಿಡಿಯಿತು, ಎಂಬತ್ತೆರಡರಲ್ಲಿ ಸತ್ತಳು. ಸುದ್ದಿ ಬಸ್ಸಿನಲ್ಲಿ ಬಂತು. ಆ ದಿನದಿಂದ ಅನಸೂಯಮ್ಮನ ಬಲಗೈಯ ಆ ಎರಡು ಬೆರಳುಗಳು ತಾವಾಗಿಯೇ ಹೊಸೆಯಲು ಶುರು ಮಾಡಿದವು. ಬಸ್ಸಿನಲ್ಲಿ ಕೂತಾಗ, ಮುದ್ದೆ ಮುರಿಯುವಾಗ, ದೇವರಿಗೆ ಕೈ ಮುಗಿಯುವಾಗ. ಏನೇ, ಬೀಡಿ ಕಟ್ಟೋ ಕೆಲಸಕ್ಕೂ ಸೇರಿಕೊಂಡೆಯಾ ಎಂದು ಗಂಡ ಆಂಜಿನಪ್ಪ ಚುಡಾಯಿಸುತ್ತಿದ್ದ. ಪಕ್ಕದ ಖಾಲಿ ಸ್ಟೂಲಿನಲ್ಲಿ ಯಾರೋ ಅದೇ ತಾಳಕ್ಕೆ ಪಿನ್ನು ಹೊಸೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸುತ್ತಿತ್ತು. ತಿರುಗಿ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಆ ಸ್ಟೂಲಿನ ಮೇಲೆ ಬೇರೆಯವರೂ ಕೂರುತ್ತಿರಲಿಲ್ಲ.

ಎಂಬತ್ತಾರರಲ್ಲಿ ಲೇಸರ್ ಬಂತು.

ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದು ಅದನ್ನು ಮೇಜಿಗೆ ಬಿಗಿದ. ಎದುರುಬದುರು ಎರಡು ಪೆಟ್ಟಿಗೆ, ನಡುವೆ ದಾರದಂತೆ ಸಣ್ಣ ಕೆಂಪು ಬೆಳಕು. ಪಿನ್ನನ್ನು ಆ ಬೆಳಕಿಗೆ ಅಡ್ಡ ಇಟ್ಟರೆ ಅದು ಎಷ್ಟು ಬೆಳಕು ತಡೆಯುತ್ತದೋ ಅದರಿಂದ ದಪ್ಪ ಲೆಕ್ಕ ಹಾಕಿ, ಮಿಲಿಮೀಟರಿನ ಸಾವಿರದ ಒಂದು ಪಾಲಿನವರೆಗೂ ಪಕ್ಕದ ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತಿತ್ತು. ಪಿನ್ನನ್ನು ಮುಟ್ಟುವುದೂ ಇಲ್ಲ, ಸವೆಸುವುದೂ ಇಲ್ಲ. ವೆಂಕಟರಾಯಪ್ಪ ಕಾಯಿ ಒಡೆದು, ಕುಂಕುಮದ ಬೊಟ್ಟಿಡಲು ಬೆಳಕಿನ ಗಾಜಿಗೇ ಕೈ ಹಾಕಿದ. ಇಂಜಿನಿಯರ್ ಹಾರಿ ಬಂದು ಕೈ ಹಿಡಿದುಕೊಂಡ. ಗಾಜಿಗಾಗಲಿ ಪಿನ್ನಿಗಾಗಲಿ ಒಂದು ಚಿಟಿಕೆ ಕುಂಕುಮ ಅಂಟಿದರೂ ಅಳತೆ ತಪ್ಪುತ್ತದೆ, ಇದು ಅಷ್ಟು ಸೂಕ್ಷ್ಮ ಎಂದ. ಹೆಂಗಸರು ಮುಸಿಮುಸಿ ನಕ್ಕರು. ಅನಸೂಯಮ್ಮನಿಗೆ ಆ ಮಾತು ಎಲ್ಲೋ ಚುಚ್ಚಿತು, ಎಲ್ಲಿ ಎಂದು ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ನಡುವೆ ಪಿನ್ನಿಲ್ಲದಾಗ ಪರದೆಯ ಮೇಲೆ ಬರೀ ಸೊನ್ನೆ ಇರಬೇಕು. ಆದರೆ ಒಂದೊಂದು ಸಲ ಯಾರೂ ಹತ್ತಿರವಿಲ್ಲದಾಗಲೂ ಸೊನ್ನೆ ಅಲುಗಾಡಿ ಆರು ಎಂದು ತೋರಿಸಿ, ಮತ್ತೆ ಸೊನ್ನೆಗೆ ಮರಳುತ್ತಿತ್ತು. ಗಾಳಿಯಲ್ಲಿ ತೇಲುವ ಧೂಳು ಎಂದ ಇಂಜಿನಿಯರ್. ಫ್ಯಾನಿನ ದಿಕ್ಕು ಬದಲಾಯಿಸಿದರು, ಆದರೂ ನಿಲ್ಲಲಿಲ್ಲ. ಲೇಸರ್ ಮೇಜು ಹಾಕಿದ್ದು ಹದಿನೇಳನೇ ಸ್ಟೂಲು ಇದ್ದ ಜಾಗದಲ್ಲಿ. ಕದಿರಮ್ಮ ಬೆರಳು ಅಡ್ಡ ಇಡ್ತಾಳೆ ಎಂದು ಹೆಂಗಸರು ಪಿಸುಗುಟ್ಟಿದರು. ಅನಸೂಯಮ್ಮ ಆ ಕಡೆ ಹೋಗುವಾಗ ಉಸಿರು ಹಿಡಿದುಕೊಂಡು ಹೋಗುತ್ತಿದ್ದಳು.

ಲೇಸರ್ ಮುಂದೆ ಕೂರುವುದಕ್ಕೆ ಇಬ್ಬರು ಬೇಕಾಗಿದ್ದರು. ಒಂದು ಜಾಗ ಹಳಬಳಾದ ಅನಸೂಯಮ್ಮನಿಗೆ ಎಂದು ವೆಂಕಟರಾಯಪ್ಪ ಹೇಳಿಬಿಟ್ಟಿದ್ದ. ಇನ್ನೊಂದಕ್ಕೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಬೇಕಿತ್ತು. ಬುಧವಾರ ಮಧ್ಯಾಹ್ನ ಮುಳಬಾಗಿಲಿನಿಂದ ಒಬ್ಬಳು ಬಂದಳು. ತೆಳ್ಳನೆಯ ಮೈ, ಎರಡು ಜಡೆ, ಕೈಯಲ್ಲಿ ಮಾರ್ಕ್ಸ್ ಕಾರ್ಡು. ಹೆಸರು ಆವಲಮ್ಮ. ತಾಯಿ ಯಾರು ಎಂದು ವೆಂಕಟರಾಯಪ್ಪ ಕೇಳಿದ. ಕದಿರಮ್ಮ ಎಂದಳು ಅವಳು. ಪಿನ್ನು ಹೊಸೆಯುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು.

ವೆಂಕಟರಾಯಪ್ಪ ಕೆಟ್ಟವನಲ್ಲ, ಆದರೆ ಅವನ ನಾಲಗೆಗೆ ಲಗಾಮಿರಲಿಲ್ಲ. ಎದ್ದು ಹೋಗಿ ಸೀಸೆ ತಂದು ಆ ಹುಡುಗಿಯ ಮುಖದೆದುರು ಗಲಗಲ ಆಡಿಸಿದ. ಇದು ನಿಮ್ಮಮ್ಮನ ಕೈಕೆಲಸ, ಅಂಥವಳ ಮಗಳನ್ನ ಇಂಥ ಮಿಷಿನ್ ಮುಂದೆ ಹೇಗಮ್ಮಾ ಕೂರಿಸಲಿ ಎಂದ. ಹುಡುಗಿ ಅಳಲಿಲ್ಲ. ಸೀಸೆಯನ್ನು ಒಮ್ಮೆ ಕೈಗೆ ಕೊಡಿ ಎಂದು ಕೇಳಿ, ಬೆಳಕಿಗೆ ಹಿಡಿದು ನೋಡಿ, ಚೀಟಿಯ ಅಂಕಿ ಓದಿ, ವಾಪಸ್ ಕೊಟ್ಟಳು. ಇಂಜಿನಿಯರಿಗೆ ಪಾಪ ಎನ್ನಿಸಿರಬೇಕು, ಶುಕ್ರವಾರ ಬಾಮ್ಮಾ, ನೋಡೋಣ ಎಂದ. ಅವಳು ಹೋಗುವಾಗ ಅನಸೂಯಮ್ಮನ ಪಕ್ಕದಲ್ಲೇ ಹಾದುಹೋದಳು. ನಡಿಗೆ ಥೇಟ್ ತಾಯಿಯದೇ. ಅನಸೂಯಮ್ಮನ ಬೆರಳುಗಳು ತಟ್ಟೆಯೊಳಗೆ ಪಿನ್ನಿಲ್ಲದೆಯೇ ಹೊಸೆಯುತ್ತಿದ್ದವು.

ಗುರುವಾರ ಇಂಜಿನಿಯರಿಗೆ ಲೇಸರನ್ನು ಪರೀಕ್ಷೆ ಮಾಡುವುದಕ್ಕೆ ಕೆಟ್ಟವೆಂದು ಗ್ಯಾರಂಟಿ ಇದ್ದ ಪಿನ್ನುಗಳು ಬೇಕಾದವು. ವೆಂಕಟರಾಯಪ್ಪ ಹೆಮ್ಮೆಯಿಂದ ಸೀಸೆ ಬಗ್ಗಿಸಿದ. ಮೊದಲನೆಯ ಪಿನ್ನು ಬೆಳಕಿಗೆ ಅಡ್ಡ ಕೂತಿತು. ಸಾವಿರದ ಆರು. ಅಂದರೆ ಸಾವಿರವಿರಬೇಕಾದ ಕಡೆ ಆರು ಪಾಲು ಹೆಚ್ಚು. ನೋಡಿದಿರಾ ಎಂದು ವೆಂಕಟರಾಯಪ್ಪ ಬೀಗಿದ. ಇಂಜಿನಿಯರ್ ಪಿನ್ನನ್ನು ಸ್ವಲ್ಪ ತಿರುಗಿಸಿದ. ಸಾವಿರದ ಎರಡು. ಇನ್ನೂ ತಿರುಗಿಸಿದ. ಸಾವಿರದ ಏಳು. ಅವನ ಹುಬ್ಬು ಗಂಟಾಯಿತು. ಯಂತ್ರದಲ್ಲಿ ತಿರುಗಿದ ಪಿನ್ನು ಹೀಗೆ ಹಳ್ಳದಿಣ್ಣೆಯಾಗಿರುವುದಿಲ್ಲ, ಮೇಲೆ ಏನೋ ಮೆತ್ತಿಕೊಂಡಿದೆ ಎಂದು, ಹತ್ತಿಗೆ ಸ್ಪಿರಿಟ್ ಹಚ್ಚಿ ಪಿನ್ನನ್ನು ಒರೆಸಿ ಮತ್ತೆ ಇಟ್ಟ.

ಸರಿಯಾಗಿ ಸಾವಿರ. ಕೂದಲೆಳೆಯಷ್ಟೂ ಆಚೆ ಇಲ್ಲ, ಈಚೆ ಇಲ್ಲ.

ಹತ್ತು ಪಿನ್ನು ಒರೆಸಿದ, ಹತ್ತೂ ಸಾವಿರ. ಹತ್ತಿ ಹಳದಿಯಾಗಿತ್ತು. ಹಳೆಯ ಎಣ್ಣೆಯೋ ಗ್ರೀಸೋ ಇರಬೇಕು ಎಂದು ಅದನ್ನು ಕಸದ ಡಬ್ಬಿಗೆ ಎಸೆದ. ವೆಂಕಟರಾಯಪ್ಪನ ಮುಖ ಇಳಿದುಹೋಯಿತು, ಸೀಸೆಗೆ ಮುಚ್ಚಳ ಹಾಕಿ ಮಾತು ಬದಲಾಯಿಸಿದ. ಹಿತ್ತಾಳೆಯ ಮೇಲೆ ಹಳದಿ ಮೆತ್ತಿದರೆ ಯಾರ ಕಣ್ಣಿಗೆ ಕಾಣಬೇಕು? ಏಳು ವರ್ಷ ಯಾರಿಗೂ ಕಂಡಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಅನಸೂಯಮ್ಮ ಕಸದ ಡಬ್ಬಿಯಿಂದ ಆ ಹತ್ತಿಯನ್ನು ಎತ್ತಿಕೊಂಡಳು. ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದು ಚೂರು ಸುಣ್ಣ ತೆಗೆದು ಹತ್ತಿಗೆ ಒತ್ತಿದಳು. ಆರತಿಯ ನೀರು ಕಲಸಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಹತ್ತಿ ಕೆಂಪಗಾಯಿತು. ರಕ್ತದ ಹಾಗೆ ಕೆಂಪಗಾಯಿತು. ಗ್ರೀಸಿಗೆ ಸುಣ್ಣ ಹಚ್ಚಿದರೆ ಕೆಂಪಾಗುವುದಿಲ್ಲ. ಕೆಂಪಾಗುವುದು ಅರಿಶಿನ.

ಕದಿರಮ್ಮ ಅಳೆದಿದ್ದು ಸರಿಯಾಗಿಯೇ ಇತ್ತು. ಆಮೇಲೆ ಒಂದೊಂದೇ ಪಿನ್ನನ್ನು ಹೊಸೆದು ಹೊಸೆದು ಅರಿಶಿನ ಮೆತ್ತಿದ್ದು ತನ್ನ ಕೈ. ಇಷ್ಟು ದಿನ ಸುಮ್ಮನಿದ್ದ ಪಾಪ ಒಂದೇ ತನ್ನದು ಎಂದುಕೊಂಡಿದ್ದಳು ಅನಸೂಯಮ್ಮ. ಮೂಲ ತಪ್ಪೂ ತನ್ನದೇ. ಪಕ್ಕದ ಮೇಜಿನ ಮೇಲೆ ಯಾರೂ ಇಲ್ಲದ ಲೇಸರಿನ ಪರದೆಯಲ್ಲಿ ಸೊನ್ನೆ ಅಲುಗಿತು. ಆರು ಬಂತು. ಈ ಸಲ ಅದು ಬಹಳ ಹೊತ್ತು ಹಾಗೇ ನಿಂತಿತ್ತು. ಧೂಳೇ ಇರಬಹುದು, ನಾನು ಬೇರೆ ಹೇಳುವುದಿಲ್ಲ. ಅನಸೂಯಮ್ಮ ಮಾತ್ರ ಅದಕ್ಕೆ ಕೈ ಮುಗಿದಳು.

ಇನ್ನು ಅವಳು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಲೇಸರ್ ಮುಂದಿನ ಜಾಗ ಅವಳದು, ಮರ್ಯಾದೆ ಅವಳದು. ಆವಲಮ್ಮ ಬಂದ ಬಸ್ಸಿನಲ್ಲೇ ವಾಪಸ್ ಹೋಗುತ್ತಾಳೆ, ಸತ್ತವಳ ಹೆಸರು ಸೀಸೆಯಲ್ಲೇ ಉಳಿಯುತ್ತದೆ. ಬಾಯಿ ಬಿಟ್ಟರೆ ಇವಳ ಜಾಗ ಹೋಗುತ್ತದೆ, ಕೆಲಸವೇ ಹೋದರೂ ಹೋಯಿತು. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ವಕ್ಕಲೇರಿಯ ತನಕ ಅವಳ ಕಿವಿಯಲ್ಲಿ ಊರ್ಕೋ ಅಕ್ಕಾ, ಊರ್ಕೋ ಅಕ್ಕಾ ಎಂದು ಕೇಳುತ್ತಲೇ ಇತ್ತು. ಏಳು ವರ್ಷ ಅದು ಸಮಾಧಾನದ ಮಾತಿನಂತೆ ಕೇಳಿಸಿತ್ತು. ಆ ಸಂಜೆ ಅದನ್ನು ಕೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶುಕ್ರವಾರ ಆವಲಮ್ಮ ಬಂದಾಗ ಹತ್ತು ಗಂಟೆ. ವೆಂಕಟರಾಯಪ್ಪ ಬೇಡಮ್ಮಾ, ಬೇರೆ ಕಡೆ ನೋಡಿಕೋ ಎನ್ನುತ್ತಿದ್ದ. ಅನಸೂಯಮ್ಮ ಸ್ಟೂಲಿನಿಂದ ಎದ್ದಳು.

“ಸಾರ್, ಆ ಸೀಸೆ ಕದಿರಮ್ಮಂದಲ್ಲ. ನಂದು. ಅವತ್ತು ನಾನು ತಡವಾಗಿ ಬಂದೆ, ನನ್ನ ಬಿಲ್ಲೆ ಅವಳು ಹಾಕಿದ್ಲು. ಅವಳು ಅಳೆದಿದ್ದೆಲ್ಲಾ ಸರಿಯಾಗೇ ಇತ್ತು. ಕೈತುಂಬ ಅರಿಶಿನ ಮೆತ್ಕೊಂಡು ಪಿನ್ನು ಹೊಸೆದು ಪೊಟ್ಟಣ ಕಟ್ಟಿದೋಳು ನಾನು.”

ವೆಂಕಟರಾಯಪ್ಪ ನಂಬಲಿಲ್ಲ. ತಲೆ ಕೆಟ್ಟಿದೆಯೇನಮ್ಮಾ ಎಂದ. ಅವಳು ಸೀಸೆಯಿಂದ ಒಂದು ಪಿನ್ನು ತೆಗೆದು, ಎಲ್ಲರೆದುರಿಗೆ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಆ ಹಳದಿಗೆ ಸುಣ್ಣ ಒತ್ತಿ ಹಿಡಿದಳು. ಹತ್ತಿ ಕೆಂಪಾಗುವುದನ್ನು ಇಪ್ಪತ್ತು ಹೆಂಗಸರೂ ನೋಡಿದರು. ಅರಿಶಿನವೇ ಇರಲಿ, ಅದು ಕದಿರಮ್ಮನ ಕೈಯದೇ ಯಾಕಿರಬಾರದು ಎಂದು ವೆಂಕಟರಾಯಪ್ಪ ಕೊನೆಯ ಪಟ್ಟು ಹಾಕಿದ.

“ಅವಳು ಗಂಡ ಸತ್ತೋಳು ಸಾರ್. ಅವಳ ಕೈಗೆ ಅರಿಶಿನ ಎಲ್ಲಿಂದ ಬರ್ಬೇಕು?”

ವೆಂಕಟರಾಯಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅನಸೂಯಮ್ಮ ಆವಲಮ್ಮನ ಕಡೆ ತಿರುಗಿದಳು. ಬೈಯಲಿ, ಕೆನ್ನೆಗೆ ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದು ನಿಂತಳು. ಹುಡುಗಿ ಆ ಕೆಂಪು ಹತ್ತಿಯನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

“ತನ್ನ ಬೆರಳೇ ತಪ್ಪು ಮಾಡ್ತು ಅನ್ಕೊಂಡೇ ಸತ್ತೋದ್ಲು ಅಮ್ಮ. ಹಾಸಿಗೇಲಿ ಮಲಗಿದ್ರೂ ಎರಡು ಬೆರಳು ಹಿಂಗೇ ಹೊಸೀತಾ ಇದ್ಲು, ಎಲ್ಲಿ ತಪ್ಪಿದೆ ಎಲ್ಲಿ ತಪ್ಪಿದೆ ಅಂತ. ನಿಮ್ಮ ಮೇಲೆ ಒಂದ್ಮಾತು ಹೇಳ್ಲಿಲ್ಲ. ನಾಕು ವರ್ಷ ಮುಂಚೆ ನೀವು ಇಷ್ಟು ಹೇಳಿದ್ರೆ ಅವಳು ಕೇಳಿಸ್ಕೋತಿದ್ಲು.”

ಹೇಳುತ್ತಾ ಅವಳು ಬೆರಳು ಆಡಿಸಿ ತೋರಿಸಿದಳು. ಅದೇ ತಾಳ. ಅನಸೂಯಮ್ಮ ತನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತು ಅತ್ತಳು. ಯಾರೂ ಹತ್ತಿರ ಬಂದು ಸಮಾಧಾನ ಮಾಡಲಿಲ್ಲ.

ಆವತ್ತು ಉಳಿದ ಪಿನ್ನುಗಳನ್ನೆಲ್ಲ ಅಳೆಯಬೇಕೆಂದು ಆವಲಮ್ಮ ಹಟ ಹಿಡಿದಳು. ಇಂಜಿನಿಯರ್ ಒಪ್ಪಿದ. ಅನಸೂಯಮ್ಮ ಒಂದೊಂದೇ ಒರೆಸಿ ಕೊಟ್ಟಳು, ಹುಡುಗಿ ಒಂದೊಂದೇ ಬೆಳಕಿಗೆ ಇಟ್ಟಳು. ಮುನ್ನೂರ ಹನ್ನೊಂದು ಪಿನ್ನು. ಒಂದೂ ಕೆಟ್ಟದ್ದು ಸಿಗಲಿಲ್ಲ. ಮುಗಿದ ಮೇಲೆ ಆವಲಮ್ಮ ಪೊಟ್ಟಣ ಕಟ್ಟಿ, ಹಳೆಯ ಹದಿನೇಳನೇ ನಂಬರಿನ ಚೀಟಿಯನ್ನೇ ಅದರೊಳಗಿಟ್ಟು, ಒಳ್ಳೆಯ ಮಾಲಿನ ಪೆಟ್ಟಿಗೆಗೆ ಹಾಕಿದಳು. ಖಾಲಿ ಸೀಸೆಯನ್ನು ವೆಂಕಟರಾಯಪ್ಪ ತಾನೇ ಹೊರಗೆ ಒಯ್ದ.

ಸೋಮವಾರದಿಂದ ಲೇಸರ್ ಮುಂದೆ ಆವಲಮ್ಮ ಕೂತಳು. ಅನಸೂಯಮ್ಮನನ್ನು ಪಿನ್ನು ತೊಳೆಯುವ ಕೋಣೆಗೆ ಹಾಕಿದರು. ಅರಿಶಿನದ ಕೈಯಲ್ಲಿ ಯಾರೂ ಹಾಲಿನೊಳಗೆ ಕಾಲಿಡಕೂಡದು ಎಂಬ ಹೊಸ ನಿಯಮ ಬಂತು, ಬಾಗಿಲಲ್ಲಿ ಸೋಪು ಇಟ್ಟರು. ಒಬ್ಬಳ ದೆಸೆಯಿಂದ ಊರ ಮುತ್ತೈದೆಯರಿಗೆಲ್ಲ ಅರಿಶಿನ ತಪ್ಪಿತು ಎಂದು ಹೆಂಗಸರು ಮುಖ ತಿರುಗಿಸಿದರು. ಪರದೆಯ ಸೊನ್ನೆ ಈಗಲೂ ಆಗಾಗ ಅಲುಗುತ್ತದೆಯೇ ಎಂದು ಅನಸೂಯಮ್ಮ ಒಂದು ದಿನ ಆವಲಮ್ಮನನ್ನು ಕೇಳಿದಳು. ಅಲುಗುತ್ತದೆ ಎಂದಳು ಹುಡುಗಿ. ಅಷ್ಟು ಬಿಟ್ಟರೆ ಇಬ್ಬರ ನಡುವೆ ಮಾತಿರಲಿಲ್ಲ.

ಆ ಸಲ ಶ್ರಾವಣದ ಮೊದಲ ಶುಕ್ರವಾರ ಅನಸೂಯಮ್ಮ ರಜೆ ಹಾಕಿ ಮನೆಯಲ್ಲಿ ಪೂಜೆ ಮಾಡಿದಳು. ಕೈಕಾಲಿಗೆ ಅರಿಶಿನ ಹಚ್ಚಿಕೊಂಡಳು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಹಾಗೇ ಬಿಟ್ಟಳು. ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ ಆಂಜಿನಪ್ಪನಿಗೆ ಒಳಗೊಳಗೇ ದಿಗಿಲು, ಮೇಲೆ ತಮಾಷೆ.

“ಯಾಕೇ ಅವೆರಡು ಬೋಳು ಬಿಟ್ಟೆ? ನಾನಿನ್ನೂ ಬದುಕಿದೀನಿ ಕಣೇ.”

“ನೀವು ಬದುಕಿದೀರಿ,” ಅಂದಳು ಅನಸೂಯಮ್ಮ. “ಅವೆರಡು ಕದಿರಮ್ಮಂದು.”

ಅವಳ ಮಡಿಲಲ್ಲಿ ಆ ಎರಡು ಬೆರಳು ಮೆಲ್ಲಗೆ ಹೊಸೆಯುತ್ತಿದ್ದವು.